ಕುಟ್ಟೆ ಹಿಡಿದ ತೊಲೆ

ಪುಡಿ ಬಿತ್ತು, ಭೈರಮ್ಮನ ಕೈ ಮೇಲೆ, ಅಕ್ಕಿಹಿಟ್ಟಿನಷ್ಟು ನುಣ್ಣಗೆ, ಅವಳು ಉಫ್ ಎಂದು ಊದಿ ಇನ್ನೊಂದು ಕಾಯಿ ಎತ್ತಿಕೊಂಡಳು, ಟಕ್ ಟಕ್, ಚಿಪ್ಪು ಬಿಟ್ಟು ಉಂಡೆ ಕೊಬ್ಬರಿ ಹೊರಬಂತು, ಏನೂ ಆಗಿಲ್ಲ, ಹೊಸ್ತಿಲಲ್ಲಿ ಕಾಫಿ ಲೋಟ ಹಿಡಿದು ನಿಂತ ಹಾಲಸ್ವಾಮಿ ತನಗೆ ತಾನೇ ಹೇಳಿಕೊಂಡ, ಹಳೇ ಮನೆ, ಹಳೇ ತೊಲೆ, ಪುಡಿ ಉದುರದೆ ಮಲ್ಲಿಗೆ ಉದುರುತ್ತದೆಯೇ — ಆದರೆ ಈಗ ಲಟ್ ಅಂದದ್ದು? ಬೆಕ್ಕು. ಬೆಕ್ಕು ಓಡಾಡಿದರೆ ಅಟ್ಟದ ಕಾಯಿ ಉರುಳುತ್ತವೆ, ತೊಲೆ ಲಟ್ಟೆನ್ನುವುದಿಲ್ಲ, ಅವನಿಗೆ ಗೊತ್ತು, ಹೋದ ದೀಪಾವಳಿಯಿಂದ ಗೊತ್ತು, ಬಡಗಿ ದೊಡ್ಡರಂಗಯ್ಯ ಏಣಿ ಹತ್ತಿ ತೊಲೆಗೆ ಉಳಿ ಚುಚ್ಚಿದರೆ ಉಳಿ ಬೆಣ್ಣೆಗೆ ಇಳಿದ ಹಾಗೆ ಇಳಿದಿತ್ತು, ಕುಟ್ಟೆ ಹುಳ ಒಳಗೆಲ್ಲ ತಿಂದ್ಬುಟ್ಟದೆ ಸ್ವಾಮಿ, ಕಾಯಿ ಇಳಿಸ್ಬುಡಿ, ಎಂಟೇ ದಿನ, ಬ್ಯಾರೆ ತೊಲೆ ಕೂರಿಸ್ಕೊಡ್ತೀನಿ. ಆಗಲಿ, ಸಂಕ್ರಾಂತಿ ಕಳೀಲಿ, ಅಂದಿದ್ದ ಇವನು. ಸಂಕ್ರಾಂತಿ ಕಳೆಯಿತು, ಶಿವರಾತ್ರಿ ಕಳೆಯಿತು, ಕಾಯಿ ಇನ್ನೂ ಒಣಗಲಿ, ರೇಟು ಬರಲಿ, ಹೊನ್ನವಳ್ಳಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವವನಿಗೆ ನೆಪಗಳಿಗೇನು ಬರ. ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳ ಮೊದಲ ಸೋಮವಾರಕ್ಕೆ ತೊಲೆ ಎಂದು ಬರೆಯುತ್ತಾನೆ, ತಿಂಗಳು ಮುಗಿದರೆ ಹಾಳೆ ಮಗುಚಿ ಮತ್ತೆ ತೊಲೆ ಎಂದು ಬರೆಯುತ್ತಾನೆ, ಬರೆದ ದಿನ ಅರ್ಧ ಕೆಲಸ ಆದಷ್ಟು ಸಮಾಧಾನ. ಹೊತ್ತಿಗೆ ಸರಿಯಾಗಿ ಏಳಬೇಕೆಂದು ತುರುವೇಕೆರೆಯಿಂದ ಅಲಾರಂ ಗಡಿಯಾರವನ್ನೂ ತಂದ, ಅದರ ತಲೆ ಅಮುಕುವ ಕೆಲಸವನ್ನು ಮಾತ್ರ ಒಂದು ದಿನವೂ ನಾಳೆಗೆ ಬಿಡಲಿಲ್ಲ. ನಾಳೆ ಅಂದೋನ ಮನೆ ಹಾಳು ಕಣ್ರೀ, ಹೆಂಡತಿ ಗಿರಿಜಾಂಬಿಕಾ ಹೇಳಿದ್ದಳು, ನಕ್ಕಿದ್ದ.

ಮನೆ ಹಾಳಾದರೆ ಆಗಲಿ, ಮನೆ ಅವನದು, ಕೆಳಗೆ ಕೂತವರು ಅವನವರೇ? ಭೈರಮ್ಮ, ಪಕ್ಕದಲ್ಲಿ ರಂಗಕ್ಕ, ಎಂಟು ವರ್ಷದಿಂದ ಇದೇ ಅಟ್ಟದಡಿ ಕಾಯಿ ಒಡೆಯುತ್ತಿದ್ದಾರೆ, ಮೇಲೆ ಹತ್ತು ಸಾವಿರ ಕಾಯಿ, ಅಯ್ಯೋ ಹತ್ತಲ್ಲ, ಅದರ ಮೇಲೆ ನಿನ್ನೆ ಕಿಬ್ಬನಹಳ್ಳಿಯಿಂದ ಬಂದ ಎರಡು ಗಾಡಿ ಹಸಿ ಕಾಯಿ ಬೇರೆ, ಕಲ್ಲಿನ ಭಾರದವು, ಎಲ್ಲಿಡಲಿ ಸ್ವಾಮಿ ಅಂದರೆ ಸದ್ಯಕ್ಕೆ ಮೇಲಕ್ಕೇ ಹಾಕ್ರಪ್ಪ ಎಂದವನು ತಾನೇ, ಇದೇ ಬಾಯಿ — ಲಟ್. ಕಾಫಿ ಕೈ ಮೇಲೆ ಚೆಲ್ಲಿತು, ಸುಟ್ಟದ್ದು ತಿಳಿಯಲಿಲ್ಲ. ಹೇಳು. ಏಳ್ರವ್ವ ಅನ್ನು, ಒಂದು ಮಾತು. ಯಾಕೆ ಅಂದರೆ? ತೊಲೆ ಟೊಳ್ಳಾಗಿದೆ ಅಂತ. ಯಾವಾಗಿಂದ ಅಂದರೆ? ದೀಪಾವಳಿಯಿಂದ ಎಂದು ಯಾವ ಮುಖ ಹೊತ್ತು ಹೇಳುವುದು, ಭೈರಮ್ಮ ಮಗುವಾಗಿದ್ದ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು, ಊಟದ ಹೊತ್ತಿಗೆ ತಾವಾಗಿಯೇ ಏಳುತ್ತಾರೆ, ಇನ್ನೆಷ್ಟು, ಅರ್ಧ ಗಂಟೆ, ಅಷ್ಟು ಹೊತ್ತು ತೊಲೆ ತಡೆಯದೇ, ಒಂದು ವರ್ಷ ತಡೆದದ್ದು — ಇಗೋ, ಮತ್ತೆ ಅದೇ, ಸಾಯುವ ಹೊತ್ತಿನಲ್ಲೂ ಅದೇ ಬುದ್ಧಿ, ಅವನಿಗೆ ತನ್ನನ್ನು ಕಂಡೇ ಭಯವಾಯಿತು, ತೊಲೆಗಿಂತ ಹೆಚ್ಚು.

ಏಳ್ರೀ, ಕಿರುಚಿದ, ಆಚೆ ಬನ್ರೀ, ಬೇಗ, ತೊಲೆ ಮುರೀತದೆ. ರಂಗಕ್ಕ ಅವನ ಮುಖ ನೋಡಿ ಕೊಬ್ಬರಿಯ ಮೊರ ಚೆಲ್ಲಿ ಅಂಗಳಕ್ಕೆ ಹಾರಿದಳು. ಭೈರಮ್ಮ ತಲೆಯೆತ್ತಲಿಲ್ಲ, ಇದ್ಯಾಕಪ್ಪ ಇವತ್ತು ನಿಂಗೆ ಇಷ್ಟು ಅವಸ್ರ, ಇನ್ನು ನಾಕೇ ಕಾಯಿ, ಒಡ್ದ್ಬುಟ್ಟು ಬತ್ತೀನಿ ಬುಡು. ನಾಕೇ ಕಾಯಿ. ಎಂಟೇ ದಿನ. ಲೋಟ ಬಿತ್ತು, ಕಾಲು ಹೊಸ್ತಿಲು ದಾಟಿತು, ಯಾವ ಸೋಮವಾರವನ್ನೂ ಕೇಳದೆ ದಾಟಿತು, ಮೇಲೆ ಕಾಯಿಗಳು ಒಂದೊಂದಾಗಿ ಒಂದೇ ಕಡೆಗೆ ಉರುಳುವ ಸದ್ದು, ಬಗ್ಗಿ ಅವಳ ಮಣಿಕಟ್ಟು ಹಿಡಿದ, ಕತ್ತಿ ಕಣೋ ಹುಷಾರು ಅನ್ನುತ್ತಿದ್ದಾಳೆ, ಎಳೆಯುತ್ತಿದ್ದಾನೆ, ಬಾಗಿಲು ನಾಲ್ಕು ಹೆಜ್ಜೆ, ಪುಡಿ ಈಗ ಉದುರುತ್ತಿಲ್ಲ, ಸುರಿಯುತ್ತಿದೆ, ಅವಳ ಕೈ ಮೇಲೆ, ಅವಳ ಕೈ ಹಿಡಿದ ಅವನ ಕೈ ಮೇಲೆ, ಬೆಳ್ಳಗೆ, ಎರಡು ಕೈ ಒಂದೇ ಬಣ್ಣ, ಬೆಳ್ಳಗೆ, ಪುಡಿ,