ಒಳಮೈಗೆ ಬಳಿಯುವ ಬಣ್ಣ

ಬೆಳಕು ಹರಿಯುವ ಮೊದಲೇ ಮಂಜುಶ್ರೀ ಸಂಪಿನ ಮೋಟರು ಹಾಕಿ, ಗೇಟಿಗೆ ಸಿಕ್ಕಿಸಿದ ಚೀಲದಿಂದ ಹಾಲು ತಂದು, ಅಡುಗೆಕಟ್ಟೆಯ ಮೇಲೆ ಸೀಮೆಎಣ್ಣೆಯಲ್ಲಿ ನೆನೆಯುತ್ತಿದ್ದ ಬೋಲ್ಟುಗಳ ಬಟ್ಟಲನ್ನು ಹಿತ್ತಿಲಿಗೆ ಒಯ್ದಿಟ್ಟು, ಆ ಜಾಗವನ್ನು ಸೋಪು ಹಾಕಿ ಎರಡೆರಡು ಸಲ ಒರೆಸಿ, ಆಮೇಲೆಯೇ ಒಲೆ ಹಚ್ಚುತ್ತಿದ್ದಳು. ಮಗಳ ಡಬ್ಬಿಗೆ ಚಿತ್ರಾನ್ನ, ಗಂಡನ ಡಬ್ಬಿಗೆ ಚಪಾತಿ ಪಲ್ಯ ಆಗಬೇಕು. ಅತ್ತೆ ಸೊಣ್ಣಮ್ಮನಿಗೆ ಇನ್ಸುಲಿನ್ ಚುಚ್ಚಬೇಕು, ಆಕೆ ರಾಗಿ ಅಂಬಲಿಯ ಲೋಟ ಖಾಲಿ ಮಾಡುವವರೆಗೂ ಎದುರಿಗೇ ನಿಂತಿರಬೇಕು. ಇಷ್ಟಾದ ಮೇಲೆ ಅಂಗಳಕ್ಕೆ ಇಳಿಯುವಾಗ ಅವಳ ಕೈಯಲ್ಲಿ ಮೊದಲು ಇರುತ್ತಿದ್ದುದು ಪೊರಕೆಯಲ್ಲ, ಒಂದು ಕೋಲು. ಕೋಲಿನ ತುದಿಗೆ ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ. ಅದನ್ನು ನೆಲದ ಮೇಲೆ ನಿಧಾನವಾಗಿ, ಮಗುವಿನ ತಲೆ ಬಾಚಿದ ಹಾಗೆ ಎಳೆದುಕೊಂಡು ಹೋದರೆ ಹಿಂದಿನ ದಿನದ ಕಬ್ಬಿಣದ ಪುಡಿ, ವೈರ್ ಬ್ರಶ್ಶಿನಿಂದ ಉದುರಿದ ಕೂದಲೆಳೆಯಂಥ ತಂತಿಗಳು ಗಡ್ಡದಂತೆ ಮೆತ್ತಿಕೊಂಡು ಬರುತ್ತಿದ್ದವು. ಹಿಂದೊಮ್ಮೆ ಅಂಥದೇ ಒಂದು ತಂತಿ ಬರಿಗಾಲಲ್ಲಿ ಓಡಾಡುವ ಸೊಣ್ಣಮ್ಮನ ಹಿಮ್ಮಡಿಗೆ ಹೊಕ್ಕು, ಸಕ್ಕರೆ ಕಾಯಿಲೆಯ ಆ ಗಾಯ ಒಂದು ಮಳೆಗಾಲವಿಡೀ ಮಾಯಲಿಲ್ಲ. ಅಂದಿನಿಂದ ಈ ಮನೆಯಲ್ಲಿ ಮೊದಲು ಅಯಸ್ಕಾಂತ, ಆಮೇಲೆ ಪೊರಕೆ, ಆಮೇಲೆ ನೀರು, ಕೊನೆಗೆ ರಂಗೋಲಿ.

ಹೂಡಿಯ ಹಳೆ ಊರಿನೊಳಗಿದ್ದ ಆ ಮನೆಗೆ ರಸ್ತೆಯ ಕಡೆ ಬಾಗಿಲಿದ್ದ ಒಂದು ಕೊಟ್ಟಿಗೆಯಿತ್ತು. ಸೊಣ್ಣಮ್ಮ ಗಟ್ಟಿಯಾಗಿದ್ದ ಕಾಲದಲ್ಲಿ ಅಲ್ಲಿ ಸೀಮೆಹಸು ಕಟ್ಟಿ, ವೈಟ್‌ಫೀಲ್ಡಿನ ಬಂಗಲೆಗಳಿಗೆ ಹಾಲು ಹಾಕಿ ಸಂಸಾರ ಎತ್ತಿದವಳು. ಹುಲ್ಲು ಬೆಳೆಯುವ ಕಡೆಯಲ್ಲೆಲ್ಲ ಗಾಜಿನ ಕಟ್ಟಡಗಳೆದ್ದ ಮೇಲೆ ಹಸುಗಳು ಹೋದವು. ಹೊಸ ಸೊಸೆ ತವರಿನಿಂದ ಹೊಲಿಗೆ ಮಷೀನು ತಂದದ್ದನ್ನು ನೋಡಿ ಅತ್ತೆ ಒಂದೇ ಮಾತು ಅಂದಿದ್ದಳು: "ಕೊಟ್ಗೇಲಿ ಅಂಗ್ಡಿ ಇಕ್ಕೊ ಕಣಮ್ಮಿ. ಅದು ಎಂಗಸ್ರು ದುಡ್ದಿರೋ ಜಾಗ."

ಸಗಣಿಯ ವಾಸನೆ ಗೋಡೆ ಬಿಡುವ ಮೊದಲೇ ಅವಳ ಗಂಡ ಅಂಜನ್ ಅದರೊಳಕ್ಕೆ ಒಂದು ಹಳೆಯ ಫಿಯೆಟ್ ಕಾರನ್ನು ನೂಕಿಸಿದ. ಅವನ ಅಪ್ಪ ಮದುವೆ ದಿಬ್ಬಣಗಳಿಗೆ ಬಾಡಿಗೆಗೆ ಓಡಿಸುತ್ತಿದ್ದ ಕಾರು. ವರ್ಷಗಟ್ಟಲೆ ಬೇಲಿ ಬದಿಯಲ್ಲಿ ನಿಂತು, ತುಕ್ಕು ತಿಂದು, ಸೀಟಿನೊಳಗೆ ಇಲಿ ಮರಿ ಹಾಕಿದ್ದ ಕಾರು. ಅಂಜನ್ ಮಹದೇವಪುರದ ಟೂಲ್ ರೂಮೊಂದರಲ್ಲಿ ಕೆಲಸಗಾರ, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಜೋಡಿಸುವ ಆಸೆಯವನು. "ಒಂದೇ ಒಂದು ವರ್ಷ ಕಣೆ ಮಂಜೀ," ಅಂದಿದ್ದ. "ಗಾಡಿ ಆಚೆ ಹೋಗ್ತಿದ್ದಂಗೆ ಕೊಟ್ಟಿಗೆ ನಿಂದು."

ಆಗ ಊರಿನ ತುದಿಯಲ್ಲಿ ಇನ್ನೂ ಒಂದಿಷ್ಟು ರಾಗಿ ಹೊಲವಿತ್ತು. ಈಗ ಮೆಟ್ರೊದವರು ಮಣ್ಣು ಪರೀಕ್ಷೆಗೆ ರಸ್ತೆಯಲ್ಲಿ ತೂತು ಕೊರೆಯುತ್ತಿದ್ದಾರೆ. ಮಗಳು ಹುಟ್ಟಿ ಹೈಸ್ಕೂಲಿಗೆ ಬಂದಿದ್ದಾಳೆ. ಕಾರು ಒಳಗೇ ಇದೆ.

ಹೊಲಿಗೆ ಮಷೀನು ಮಲಗುವ ಕೋಣೆಯಲ್ಲಿ, ಮಂಚದ ಪಕ್ಕ ಉಳಿಯಿತು. ಅಳತೆ ಕೊಡಲು ಬಂದ ಹೆಂಗಸರು ನೈಟ್ ಶಿಫ್ಟ್ ಮುಗಿಸಿ ಗೊರಕೆ ಹೊಡೆಯುವ ಗಂಡಸಿನ ಎದುರು ಸೆರಗು ಸರಿಸುವುದಾದರೂ ಹೇಗೆ? ಅಪಾರ್ಟ್‌ಮೆಂಟಿನವರು ಒಂದು ಸಲ ಬಂದು ಇನ್ನೊಂದು ಸಲ ಬರಲಿಲ್ಲ. ಹಿತ್ತಿಲ ಬಾಡಿಗೆ ಕೋಣೆಯಲ್ಲಿದ್ದ ಬಸಕ್ಕ ಮತ್ತು ಅವಳಂತೆಯೇ ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ನಾಲ್ಕಾರು ಹೆಂಗಸರು ಮಾತ್ರ ಅಂಜನ್ ಇಲ್ಲದ ಹೊತ್ತು ನೋಡಿ ಬಂದು ಹೊಲಿಸಿಕೊಳ್ಳುತ್ತಿದ್ದರು.

ಹಾಗಾಗಿ ಮಂಜುಶ್ರೀ ಕಾರಿನ ಕೆಲಸಕ್ಕೆ ಕೈ ಹಾಕಿದಳು. ಅದೊಂದು ಸರಳ ಲೆಕ್ಕ: ಗಾಡಿ ಬೇಗ ಮುಗಿದರೆ ಕೊಟ್ಟಿಗೆ ಬೇಗ ಖಾಲಿ. ಗಂಡನ ಹುಚ್ಚಿಗೆ ಹೆಂಡತಿ ಜೊತೆಯಾದಳು ಎಂದು ನೆಂಟರು ಮೆಚ್ಚಿಕೊಂಡರು. ಅವಳು ಅಷ್ಟು ವರ್ಷವೂ ದುಡಿಯುತ್ತಿದ್ದುದು ತನ್ನ ಅಂಗಡಿಗಾಗಿ ಎಂಬುದು ಯಾರಿಗೂ ಹೊಳೆಯಲಿಲ್ಲ.

ಅಷ್ಟು ಹಳೆಯ ಕಾರಿನ ಹೊರಮೈ ತಗಡುಗಳು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಕೊಳೆತ ಭಾಗವನ್ನು ಕೊಯ್ದು, ಹೊಸ ತಗಡನ್ನು ಅದೇ ಡೊಂಕಿಗೆ ಬಡಿದು ಬಗ್ಗಿಸಿ ಕೂಡಿಸಬೇಕು. ಬಟ್ಟೆ ಒಗೆಯುವ ಕಲ್ಲು ತಗಡು ಬಡಿಯುವ ಅಡಿಗಲ್ಲಾಗಿ ಕೊಟ್ಟಿಗೆ ಸೇರಿತು. ಅವಳು ಬಚ್ಚಲಿನಲ್ಲಿ ಕೂತು ಒಗೆಯತೊಡಗಿದಳು. ತಗಡನ್ನು ಕುಳಿ ಬೀಳುವಂತೆ ಬಡಿಯಲು ಮರಳಿನ ದಿಂಬು ಬೇಕೆಂದಾಗ ದಪ್ಪ ಕ್ಯಾನ್ವಾಸಿನಲ್ಲಿ ಮೂರು ಹೊಲಿಗೆ ಹಾಕಿ ಹೊಲಿದುಕೊಟ್ಟವಳು ಅವಳೇ. ಮುಂದಿನ ಮಡ್‌ಗಾರ್ಡಿನ ಗುಂಡು ತಿರುವಿನಲ್ಲಿ ಅಂಜನ್ ತಗಡಿನ ಮೇಲೆ ತಗಡು ಹಾಳು ಮಾಡಿ ಕೂತಾಗ, ಬ್ಲೌಸ್ ಕತ್ತರಿಸುವ ಕಂದು ಕಾಗದವನ್ನು ಹಳೆ ಮಡ್‌ಗಾರ್ಡಿಗೆ ಒತ್ತಿ ಹಿಡಿದು, ಅದು ಎಲ್ಲೆಲ್ಲಿ ನೆರಿಗೆ ಬೀಳುತ್ತದೆಂದು ಪೆನ್ಸಿಲಿನಲ್ಲಿ ಗುರುತು ಹಾಕಿ, "ರೀ, ಎದೆ ಹತ್ರ ಟಕ್ಸ್ ಹಿಡೀತೀವಲ್ಲ, ಹಂಗೆ ಅಂಚಲ್ಲಿ ಇಲ್ಲಿಲ್ಲಿ ಮಡಿಚಿ, ಆಮೇಲೆ ಆ ಮಡಿಕೇನ ಬಡಿದು ಕೂರ್ಸಿ. ತಾನಾಗೇ ದುಂಡಗಾಗತ್ತೆ," ಅಂದಳು. ಆಯಿತು. ತಗಡು ತುಂಬಿದ ಕೆನ್ನೆಯ ಹಾಗೆ ಎದ್ದು ಬಂತು. ಅಂಜನ್ ಶಿಳ್ಳೆ ಹಾಕಿದ. ಸುಳ್ಳು ಹೇಳಬಾರದು, ಅವಳಿಗೂ ಅಂದು ಒಲೆಯ ಮುಂದೆ ನಿಂತಾಗ ಕೈ ತಾನಾಗಿ ಗಾಳಿಯಲ್ಲಿ ಆ ತಿರುವನ್ನು ಸವರುತ್ತಿತ್ತು.

ಆದರೆ ಬಡಿಯುವ ಕೆಲಸಕ್ಕೆ ಇಬ್ಬರು ಬೇಕು. ಹೊರಗಿನಿಂದ ಒಬ್ಬರು ಸುತ್ತಿಗೆ ಹಾಕುವಾಗ ಒಳಗಿನಿಂದ ಇನ್ನೊಬ್ಬರು, ಸರಿಯಾಗಿ ಏಟು ಬೀಳುವ ಜಾಗಕ್ಕೇ, ಡಾಲಿ ಎನ್ನುವ ನುಣುಪು ಕಬ್ಬಿಣದ ಗಟ್ಟಿಯನ್ನು ಆನಿಸಿ ಹಿಡಿದಿರಬೇಕು. ಏಟು ಹಾಕುವವನಿಗೆ ತಗಡು ಕಾಣುತ್ತದೆ. ಹಿಡಿದವಳಿಗೆ ಕಾಣುವುದು ಕತ್ತಲೆ. ಸದ್ದಿನಿಂದಲೇ ಜಾಗ ತಿಳಿದು ಕೈ ಸರಿಸುತ್ತ ಹೋಗಬೇಕು. "ಮಂಜೀ, ಹಿಡ್ಕೊ ಬಾ," ಎಂಬ ಕೂಗು ಬಂದಾಗ ಅವಳು ಕುಕ್ಕರು ಇಳಿಸಿ ಬರುತ್ತಿದ್ದಳು, ಜ್ವರದಲ್ಲಿ ಎದ್ದು ಬರುತ್ತಿದ್ದಳು. ಪ್ರತಿ ಏಟಿನ ಅರ್ಧ ಅವಳ ಮಣಿಕಟ್ಟಿಗೆ ಇಳಿಯುತ್ತಿತ್ತು. ಇತ್ತೀಚೆಗೆ ಬಲಗೈಯ ಬೆರಳುಗಳು ಮುಂಜಾನೆ ಜೋಮು ಹಿಡಿದು ಮಲಗಿಯೇ ಇರುತ್ತವೆ. ಸೂಜಿಗೆ ದಾರ ಪೋಣಿಸಲು ಬಸಕ್ಕನನ್ನು ಕರೆಯಬೇಕು. ಡಾಕ್ಟರು ನರ ಒತ್ತಿದೆ, ಕೈಗೆ ವಿಶ್ರಾಂತಿ ಕೊಡಿ ಅಂದರು. ಯಾವ ಕೈಗೆ ಎಂದು ಸೊಣ್ಣಮ್ಮ ಕೇಳಿದಳು. ತಮಾಷೆಗಲ್ಲ, ಪಾಪ, ನಿಜವಾಗಿಯೇ ಕೇಳಿದಳು.

ಅತ್ತೆಯ ಬಳಿ ಒಮ್ಮೆ ಕೊಟ್ಟಿಗೆಯ ಮಾತು ತೆಗೆದಿದ್ದಕ್ಕೆ ಆಕೆ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸದೆ ಹೇಳಿದ್ದಳು: "ಅವ್ನೇನ್ ಕುಡೀತಾನಾ? ಇಸ್ಪೀಟ್ ಆಡ್ತಾನಾ? ತಗ್ಡು ಬಡೀತಾನೆ. ಬಡೀಲಿ ಬಿಡಮ್ಮಿ."

ಬೇರೆ ಗಂಡಸರ ದುರಭ್ಯಾಸಗಳೆಲ್ಲ ಸೇರಿ ಅಂಜನ್‌ನನ್ನು ದೇವರಂಥವನನ್ನಾಗಿ ಮಾಡಿದ್ದವು.

ಗಾಡಿ ಮುಗಿಯಿತು ಅನ್ನಿಸಿದ ಒಂದು ಕಾಲವೂ ಇತ್ತು. ಬಾಗಿಲುಗಳ ಕೆಳಗೆ ಎರಡೂ ಪಕ್ಕದಲ್ಲಿ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಒಂದೊಂದು ಪೊಳ್ಳು ತಗಡಿನ ಪೆಟ್ಟಿಗೆ ಓಡುತ್ತದೆ; ಇಡೀ ಗಾಡಿಗೆ ಅವೇ ಸೊಂಟ. ಕೊಳೆತ ಎರಡನ್ನೂ ಅಂಜನ್ ಒಂದೇ ಭಾನುವಾರ ಕೊಯ್ದುಹಾಕಿದ. "ಎರಡೂ ಕಡೆ ಒಟ್ಟಿಗೆ ಬಿಚ್ಚಿದ್ರೆ ಮಧ್ಯೆ ಯಾವ್ದು ಹಿಡ್ಕೊಳ್ಳತ್ತೆ? ಏನಾದ್ರೂ ಅಡ್ಡ ಕೊಡ್ಬೇಕಲ್ವಾ?" ಎಂದು ಅವಳು ಕೇಳಿದ್ದಕ್ಕೆ, "ಇದು ಲಂಗ ಅಲ್ಲ ಕಣೆ, ಕಾರು," ಎಂದು ನಕ್ಕ. ಹೊಸ ಪೆಟ್ಟಿಗೆ ಕೂಡಿಸಿ, ಬಣ್ಣವೂ ಆಗಿ, ಗಾಡಿಯನ್ನು ಚಕ್ರದ ಮೇಲೆ ಇಳಿಸಿದ ದಿನ ಬಾಗಿಲು ಮುಚ್ಚಲಿಲ್ಲ. ನಡು ಕುಸಿದಿತ್ತು. ಅಂಜನ್ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಅವನ ಮೌನಕ್ಕೆ ಇಡೀ ಮನೆ ಮೆಲ್ಲಗೆ ನಡೆಯಿತು. ಅವಳ ಸಿಟ್ಟಿಗೆ ನಡೆಯಲು ಜಾಗವಿರಲಿಲ್ಲ. ಮೂರನೆಯ ದಿನ ಮತ್ತೆ ಕೊಯ್ಯಲು ಶುರುಮಾಡಿದ. ಆ ಒಂದು ನಗೆ ಅವಳ ಅಂಗಡಿಯನ್ನು ನಾಲ್ಕೈದು ವರ್ಷ ಹಿಂದಕ್ಕೆ ತಳ್ಳಿತು.

ಈ ವರ್ಷ ಕೆಲಸ ನಿಜವಾಗಿ ಕೊನೆಗೆ ಬಂದಿತ್ತು. ಎಡಗಡೆಯ ಪೆಟ್ಟಿಗೆ ಕೂತು, ಬಾಗಿಲು ಮಾತು ಕೇಳಿದ ಹಾಗೆ ಮುಚ್ಚುತ್ತಿತ್ತು. ಬಲಗಡೆಯದು ಮಾತ್ರ ಬಾಕಿ. ಟೆಕ್ ಪಾರ್ಕಿನ ಹುಡುಗರು ಕೆಲವರು ವಿಷಯ ತಿಳಿದು ನೋಡಲು ಬರುತ್ತಿದ್ದರು. ಒಬ್ಬ ಮಡ್‌ಗಾರ್ಡಿನ ಮೇಲೆ ಕೈಯಾಡಿಸಿ, "ಸಕ್ಕತ್ತಾಗಿದೆ ಸಾರ್. ಯಾವ ಮಷೀನಲ್ಲಿ ಮಾಡ್ಸಿದ್ರಿ?" ಅಂದ.

"ಮಷೀನ್ ಎಲ್ಲಿಂದ ಗುರು. ಎಲ್ಲಾ ಕೈಯಲ್ಲೇ," ಅಂದ ಅಂಜನ್.

ಯಾರ ಕೈ ಎಂದು ಹುಡುಗ ಕೇಳಲಿಲ್ಲ. ಟೀ ತಟ್ಟೆ ಹಿಡಿದು ನಿಂತಿದ್ದವಳು ತಾನಾಗಿ ಹೇಳುವ ಪೈಕಿಯಲ್ಲ.

ಅಂಗಡಿಯ ಕನಸು ಈಗ ಕಣ್ಣಳತೆಯಲ್ಲಿತ್ತು. ಮಂಜುಶ್ರೀ ಕಾರಿನ ಸುತ್ತ ನಡೆಯುತ್ತ, ಇಲ್ಲಿ ಕಟಿಂಗ್ ಟೇಬಲ್ಲು, ಇಲ್ಲಿ ಅಳತೆ ತೆಗೆಯಲು ಒಂದು ಪರದೆ, ಬಾಗಿಲ ಬಳಿ ಬೆಂಚು ಎಂದು ಗೋಡೆಗೆ ಸೀಮೆಸುಣ್ಣದಲ್ಲಿ ಗೀಟು ಹಾಕಿಟ್ಟಿದ್ದಳು. ಕಳೆದ ವಾರ ಅಂಜನ್‌ನ ಫ್ಯಾಕ್ಟರಿ ಗೆಳೆಯ ನಲ್ಲಪ್ಪ ಬಂದಾಗ ಆ ಗೀಟುಗಳಿಗೆ ಒರಗಿಕೊಂಡೇ ಮಾತಾಡಿದ.

"ಬೇಗೂರಲ್ಲಿ ನಮ್ ಮಾವಂದು ಹಳೇ ಜೀಪ್ ಐತೆ ಮಗಾ. ತಳ ಎಲ್ಲಾ ಹೋಗೈತೆ, ಆದ್ರೆ ನಿನ್ ಕೈಗೆ ಸಿಕ್ರೆ ಎದ್ದು ಕೂರ್ತದೆ. ಇದು ಆಚೆ ಹೋದ ವಾರಕ್ಕೇ ಅದನ್ನ ತಂದು ಒಳಗೆ ಬಿಡ್ತೀನಿ. ಅಕ್ಕ ಏನಂತಾರೋ?"

"ಅವಳೇನಂತಾಳೆ! ನನಗಿಂತ ಅವಳಿಗೇ ಹುಚ್ಚು ಜಾಸ್ತಿ. ಗಾಡಿ ಇಲ್ದಿದ್ರೆ ಅವಳಿಗೆ ಹೊತ್ತೇ ಹೋಗಲ್ಲ," ಅಂದ ಅಂಜನ್. ಅದರಲ್ಲಿ ಕುಹಕವಿರಲಿಲ್ಲ, ಹೆಮ್ಮೆಯಿತ್ತು. ಅದೇ ಸಂಕಟ.

ನಲ್ಲಪ್ಪ ಹೋದ ಮೇಲೆ ಅವಳು ಕೇಳಿದಳು. "ಕೊಟ್ಟಿಗೆ ನಂಗೆ ಅಂದಿದ್ರಲ್ಲ?"

"ಯಾರಿಲ್ಲ ಅಂದ್ರು? ಜೀಪ್ ಏನು, ಒಂದು ವರ್ಷದ ಕೆಲಸ. ಅಲ್ಲೀವರೆಗೂ ಮಂಚದ ಪಕ್ಕ ಮಷೀನಿದ್ಯಲ್ಲ, ಹೊಲೀಬೇಡ ಅಂದವರ್ಯಾರು?" ಎಂದು, ಅವಳ ಮುಖ ನೋಡಿ, ಸಮಾಧಾನ ಮಾಡುವವನಂತೆ, "ಆ ಕೈ ಇಟ್ಕೊಂಡು ದಿನವಿಡೀ ಅಂಗಡೀಲಿ ಹೊಲಿಯೋಕಾಗತ್ತಾ ನಿಂಗೆ? ಯೋಚ್ನೆ ಮಾಡು," ಅಂದ.

ಅವಳು ಯೋಚನೆ ಮಾಡಿದಳು. ಮರುದಿನ ಸೂಜಿಗೆ ದಾರ ಪೋಣಿಸಿಕೊಡುತ್ತ ಬಸಕ್ಕ ಎಲ್ಲ ಕೇಳಿಸಿಕೊಂಡು, ದಾರದ ತುದಿಯನ್ನು ಹಲ್ಲಿನಲ್ಲಿ ಕಡಿದು ಉಗುಳಿ ಅಂದಳು: "ಯಕ್ಕಾ, ನಾವು ದಿನಾ ಬ್ಯಾರೆಯವ್ರ ಮನಿ ಕಟ್ತೀವಿ, ಕಟ್ಟಿ ಮುಗದ ಮ್ಯಾಲ ವಾಚಮನ್ ನಮ್ಮನ್ನ ಒಳಗ ಬಿಡಂಗಿಲ್ಲ. ಆದ್ರ ನಮಗ ಪಗಾರರ ಕೊಡ್ತಾರ. ನಿಮಗೇನ್ ಕೊಟ್ರು?"

"ನಂಗೆ ಹುಚ್ಚು ಅಂತ ಹೆಸರು ಕೊಟ್ಟಿದ್ದಾರೆ," ಅಂದಳು ಮಂಜುಶ್ರೀ. ಬಸಕ್ಕ ಗೊಳ್ಳೆಂದು ನಕ್ಕಳು. ನಕ್ಕು ಮುಗಿದ ಮೇಲೆ ಇನ್ನೊಂದು ಸೂಜಿ ಕೈಗೆತ್ತಿಕೊಂಡಳು.

ಶನಿವಾರ ಅಂಜನ್ ಕೆಲಸಕ್ಕೆ ಹೊರಡುವಾಗ ಬಲಗಡೆಯ ಪೆಟ್ಟಿಗೆಯ ಹೊರತಗಡನ್ನು ಕೊಟ್ಟಿಗೆಯ ನೆಲದ ಮೇಲೆ ಮಲಗಿಸಿ ಹೋದ. "ಒಳಗಡೆ ತುಕ್ಕು ಹಿಡೀದಂಗೆ ಎರಡು ಕೋಟ್ ರೆಡ್ ಆಕ್ಸೈಡ್ ಬಳಿ. ಅಂಚು ಮಾತ್ರ ಬಿಡು, ಇಲ್ಲಾಂದ್ರೆ ವೆಲ್ಡಿಂಗ್ ಹಿಡಿಯಲ್ಲ. ಒಣಗಿದ್ಮೇಲೆ ಜಾಗಕ್ಕೆ ಕೂರ್ಸಿ ಕ್ಲಾಂಪ್ ಹಾಕಿಡು. ಬಂದ ತಕ್ಷಣ ಮುಚ್ಚಿಬಿಡ್ತೀನಿ." ಎಡಗಡೆಯದಕ್ಕೂ ಹೀಗೆಯೇ ಹೇಳಿದ್ದ, ಅವಳು ಕೈ ಹೋಗದ ಮೂಲೆಗೆ ಹಲ್ಲುಜ್ಜುವ ಬ್ರಶ್ಶಿನಿಂದ ಬಳಿದಿದ್ದಳು. ಅವನು ಇಣುಕಿಯೂ ನೋಡಿರಲಿಲ್ಲ. ನೋಡುವ ಅಗತ್ಯವೇನು? ಮಂಜಿ ಮಾಡಿರುತ್ತಾಳೆ.

ಮಧ್ಯಾಹ್ನ ಸೊಣ್ಣಮ್ಮ ಊಟ ಮುಗಿಸಿ ಒರಗಿದ ಮೇಲೆ ಅವಳು ಬಣ್ಣದ ಡಬ್ಬಿಯ ಮುಚ್ಚಳ ತೆರೆದು, ಮಂಡಿಯೂರಿ ಕೂತು, ಒಂದು ಗೇಣಿನಷ್ಟು ಬಳಿದಳು. ಕಂದುಗೆಂಪು ಬಣ್ಣ ಬೆಳ್ಳನೆಯ ತಗಡನ್ನು ನುಂಗುತ್ತ ಹೋಯಿತು. ಅಲ್ಲಿ ಬ್ರಶ್ಶು ನಿಂತಿತು.

ಮನೆಗಳಲ್ಲಿ ಇಂಥ ಕೆಲಸಗಳಿವೆ. ಮಾಡಿದರೆ ಯಾರಿಗೂ ಕಾಣುವುದಿಲ್ಲ. ಮಾಡದಿದ್ದರೆ ಬಹಳ ಕಾಲದ ಮೇಲೆ, ಹೊಟ್ಟೆನೋವೆಂದೋ ತುಕ್ಕೆಂದೋ ಬೇರೆ ಹೆಸರಿನಲ್ಲಿ ಹೊರಗೆ ಬರುತ್ತದೆ. ಊಟದ ಡಬ್ಬಿಯ ಮುಚ್ಚಳದ ರಬ್ಬರಿನೊಳಗಿನ ಜಿಡ್ಡು, ಕುಡಿಯುವ ನೀರಿನ ಕೊಡದ ತಳ, ಅಂಗಿಯ ಕಾಲರಿನ ಒಳಮಗ್ಗುಲು. ಅವನ್ನು ಮಾಡುವವರ ಮೇಲೆ ಮೇಸ್ತ್ರಿಯಿಲ್ಲ, ಪರೀಕ್ಷೆಯಿಲ್ಲ. ಅವರು ಮಾಡಿರುತ್ತಾರೆ ಎಂಬ ನಂಬಿಕೆಯ ಮೇಲೆ ಉಳಿದವರು ನಿದ್ದೆ ಮಾಡುತ್ತಾರೆ, ಕಾರು ಓಡಿಸುತ್ತಾರೆ. ಇಂಥವರಿಗೆ ಎದುರು ನಿಂತು ಕೂಗಾಡಿ ಅಭ್ಯಾಸವಿರುವುದಿಲ್ಲ. ಮನೆಯಲ್ಲಿ ಒಡೆಯಬಲ್ಲ ವಸ್ತು ಯಾವುದೂ ಅವರ ಹೆಸರಿನಲ್ಲಿರುವುದಿಲ್ಲ. ಕೆಡಿಸಬೇಕೆಂದು ಹೊರಟರೂ ಅವರ ಕೈಗೆ ಸಿಗುವುದು ತಮ್ಮದೇ ದುಡಿಮೆ. ಆ ತಗಡಿನ ಪಡಿಯಚ್ಚು ಕತ್ತರಿಸಿದವಳು ಅವಳು, ಬಡಿಯುವಾಗ ಆನಿಸಿ ಹಿಡಿದವಳು ಅವಳು. ಅಷ್ಟು ಒಳ್ಳೆಯ ಕೆಲಸವನ್ನು ಅವಳು ಇನ್ನೊಮ್ಮೆ ಮಾಡಲಾರಳು; ಕೈ ಹೋಗಿದೆ.

ಬಣ್ಣ ಬಳಿಯದ ಪೊಳ್ಳಿನೊಳಗೆ ತುಕ್ಕು ಹಿಡಿಯಲು ಬೆಂಗಳೂರಿನ ಎರಡು ಮಳೆಗಾಲ ಸಾಕು. ಮೂರನೆಯದರಲ್ಲಿ ಹೊರಗಿನ ಹೊಳಪಿನ ಮೇಲೆ ಸಣ್ಣ ಗುಳ್ಳೆಗಳೇಳುತ್ತವೆ.

ಮಂಜುಶ್ರೀ ಬಣ್ಣದ ಡಬ್ಬಿಯ ಮುಚ್ಚಳವನ್ನು ಅಂಗೈಯಿಂದ ಗುದ್ದಿ ಕೂರಿಸಿದಳು. ತಗಡನ್ನು ಎತ್ತಿ ಜಾಗಕ್ಕೆ ಹಿಡಿದು, ಅಂಚಿಗೆ ಅಂಚು ಕೂಡಿಸಿ, ಬಲಗೈ ಸೋಲುತ್ತಿದ್ದುದರಿಂದ ಎಡಗೈಯಿಂದ, ಕ್ಲಾಂಪುಗಳನ್ನು ಒಂದೊಂದಾಗಿ ತಿರುಗಿಸಿ ಬಿಗಿ ಮಾಡಿದಳು.