ಒಳಜೇಬು

ಅವಳು ಕೋಟನ್ನು ಒಳಮೈ ಮೇಲಾಗುವಂತೆ ಮಗುಚಿ, ಜೇಬಿಗೆ ಕೈ ಹಾಕಿ, ಮೂಲೆಯಲ್ಲಿ ಸೇರಿದ್ದ ಧೂಳನ್ನೂ ದಾರದ ಚೂರುಗಳನ್ನೂ ತೆಗೆದಳು. ಆಮೇಲೆ ಜೇಬಿನ ಬಾಯಿ ಕೂಡಿಸಿ ಸೂಜಿ ಚುಚ್ಚಿದಳು. ಮುಗಿದದ್ದನ್ನು ಎಡಕ್ಕಿಟ್ಟು, ಬಲಗಡೆಯ ರಾಶಿಯಿಂದ ಇನ್ನೊಂದನ್ನು ಎಳೆದುಕೊಂಡಳು.

ಒಳಜೇಬಿರುವ ಕೋಟು ತೊಟ್ಟವರು ದೊಡ್ಡ ಕಚೇರಿಯೊಳಗೆ ಕಾಲಿಡುವಂತಿಲ್ಲ ಎಂದು ಹೊಸ ಅಪ್ಪಣೆ ಬಂದಿತ್ತು. ಗುಮಾಸ್ತರೆಲ್ಲ ತಮ್ಮ ಕೋಟುಗಳನ್ನು ತಂದು ಟೈಲರ್ ಅಂಗಡಿಯಲ್ಲಿ ಸುರಿದಿದ್ದರು.

"ಯಾರ ಪುಣ್ಯಾನೋ, ನಮಗಂತೂ ಸುಗ್ಗಿ" ಎಂದು ಇಸ್ತ್ರಿಯವನು ನಕ್ಕ. ಮಾಸ್ಟರು ಕೆಮ್ಮಿದರು. ಅವನ ನಗು ಅರ್ಧಕ್ಕೇ ನಿಂತಿತು. ಇಸ್ತ್ರಿಪೆಟ್ಟಿಗೆಯ ಮೇಲೆ ಇಲ್ಲದ ಬೂದಿಯನ್ನು ಊದತೊಡಗಿದ.

ಅದು ಅವಳ ಅಣ್ಣನ ಪುಣ್ಯ. ಗಿರಣಿಯ ಗೇಟಿನಲ್ಲಿ ಸುಮ್ಮನೆ ನಿಂತಿದ್ದ ಕೆಲಸಗಾರರ ಮೇಲೆ ಗುಂಡು ಹಾರಿಸಲು ಹೇಳಿದ ಅಧಿಕಾರಿಯನ್ನು ಅವನು ಕಚೇರಿಗೇ ಹೋಗಿ, ಒಳಜೇಬಿನಿಂದ ಪಿಸ್ತೂಲು ತೆಗೆದು ಕೊಂದಿದ್ದ. ಮೆಟ್ಟಿಲಿಳಿಯುವಷ್ಟರಲ್ಲಿ ಕಾವಲಿನವರು ಅವನನ್ನೂ ಕೊಂದರು.

ಅದಕ್ಕೆ ಮುಂಚೆ ಊಟಕ್ಕೆ ಕೂತಾಗಲೆಲ್ಲ ಅಣ್ಣನಿಗೂ ಅವನ ಗೆಳೆಯನಿಗೂ ಒಂದೇ ಜಗಳ. ದಪ್ಪ ಕನ್ನಡಕದ ಆ ಗೆಳೆಯನನ್ನು ಮನೆಯಲ್ಲಿ ಸೋಡಾಬುಡ್ಡಿ ಎನ್ನುತ್ತಿದ್ದರು. ಒಬ್ಬ ಹೋದರೆ ಅದೇ ಕುರ್ಚಿಗೆ ಇನ್ನೊಬ್ಬ ಬರುತ್ತಾನೆ ಎಂದು ಗೆಳೆಯ. "ಜನಕ್ಕೆ ಹೆದರಿಕೆ ಒಂದ್ಸಲ ಬಿಟ್ಟುಹೋಗ್ಲಿ ಕಣೋ, ಮಿಕ್ಕಿದ್ದು ಊರೇ ಮಾಡತ್ತೆ" ಎಂದು ಅಣ್ಣ. ಒಂದು ದಿನ ಜಗಳ ನಿಂತಿತು. ರಾಜಿಯಾದರಲ್ಲ ಎಂದು ಅವಳಿಗೆ ಖುಷಿಯಾಯಿತು. ಇಬ್ಬರೂ ಕೋಟು ತಂದುಕೊಟ್ಟರು: ಒಳಜೇಬು ಆಳವಾಗಿರಲಿ, ಭಾರ ತಡೆಯಬೇಕು. ಪುಸ್ತಕಕ್ಕಿರಬೇಕು ಎಂದುಕೊಂಡು, ಮೂಲೆಗಳಿಗೆ ಗಂಟಿನ ಮೇಲೆ ಗಂಟು ಹಾಕಿ ಹೊಲಿದಳು.

"ಬಾಯಿಸತ್ತವಳೇ, ನಿನ್ನ ಹೊಲಿಗೆ ಮಾತ್ರ ಗಟ್ಟಿ ಕಣೇ" ಎಂದಿದ್ದ ಅಣ್ಣ.

ಅವನು ಹೋದ ಮೇಲೆ ಅವಳು ಬೆಳಗ್ಗೆ ಎದ್ದೊಡನೆ, ಊರು ಎದ್ದಿತೇ ಎಂದು ಕಿಟಕಿಗೆ ಕಿವಿಗೊಡುತ್ತಿದ್ದಳು. ಮುಚ್ಚಿದ ಅಂಗಡಿಗಳು ತೆರೆದವು. ಗಿರಣಿಯ ಸಿಳ್ಳೆ ಹೊತ್ತಿಗೆ ಸರಿಯಾಗಿ ಕೂಗಿತು. ಕುರ್ಚಿಗೆ ಇನ್ನೊಬ್ಬ ಬಂದ. ಆದರೆ ಸೋಡಾಬುಡ್ಡಿ ಕಣ್ಣಿಗೆ ಬಿದ್ದಿರಲಿಲ್ಲ. ಎಲ್ಲೋ ಜನ ಸೇರಿಸುತ್ತಿದ್ದಾನೆ, ಅಣ್ಣ ಸುಮ್ಮನೆ ಸಾಯಲಿಲ್ಲ ಎಂದು ಅವಳು ಜೀವ ಹಿಡಿದುಕೊಂಡಿದ್ದಳು.

ಮುಂದಿನ ಕೋಟಿನ ಜೇಬಿಗೆ ಕೈ ಹಾಕಿದಳು. ಕೈ ಮಣಿಕಟ್ಟಿನವರೆಗೂ ಇಳಿಯಿತು. ಮೂಲೆಯಲ್ಲಿ ಗಂಟಿನ ಮೇಲೆ ಗಂಟು ಬೆರಳಿಗೆ ತಾಗಿತು.

ಅಂಥ ಜೇಬು ಅವಳು ಹೊಲಿದದ್ದು ಎರಡೇ. ಒಂದು ಅಣ್ಣನ ಮೈಮೇಲೇ ಹೋಗಿತ್ತು. ಈ ಕೋಟಿನ ಎದೆಗೆ ಕಚೇರಿಯ ಹೊಸ ಬಿಲ್ಲೆ ಸಿಕ್ಕಿಸಿತ್ತು.

ಅವಳ ಕೈ ನಿಂತದ್ದನ್ನು ಕಂಡು ಮಾಸ್ಟರು, ಅದು ಕೆಲಸಕ್ಕೆ ಹೊಸದಾಗಿ ಸೇರಿದ ಕನ್ನಡಕದವರದು, ಸಂಜೆಗೇ ಬೇಕಂತೆ ಎಂದರು. "ಗಟ್ಟಿಯಾಗಿ ಹೊಲಿಸಿ ಅಂತ ಬೇರೆ ಹೇಳಿದ್ದಾರಮ್ಮ."

ಅವರು ಮತ್ತೆ ಮಷೀನು ತುಳಿಯತೊಡಗಿದರು. ಅವಳು ಕೋಟನ್ನು ಅವರ ಮೇಜಿನ ತುದಿಗಿಟ್ಟು ನಿಂತಳು. ಇಸ್ತ್ರಿಯವನು ತಲೆ ತಗ್ಗಿಸಿದ. ಮಷೀನು ನಿಲ್ಲಲಿಲ್ಲ.

"ಮಾಸ್ಟರೇ, ಇದೊಂದನ್ನ ನೀವೇ ಹೊಲೀರಿ."