ಬಿದ್ದವರ ಗಾಡಿ

ಮಾರ್ಚ್ ಹದಿನಾರು, ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಕ್ಯಾಪ್ಟನ್‌ನ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ, ಮುಂದಿನ ಚಕ್ರ ಬಿಚ್ಚಿ, ಫೋರ್ಕಿಗೆ ಅಂಟಿದ ಒಣಮಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾಗ ಸೈಕಲ್ ರಿಪೇರಿಯವಳ ಬೆರಳಿಗೆ ಏನೋ ತಗುಲಿತು. ಚಕ್ರವನ್ನು ಹಿಡಿಯುವ ಎರಡು ಕಾಲುಗಳು ಮೇಲೆ ಒಂದಾಗುವ ಕಡೆ, ಒಳಮೈಯಲ್ಲಿ, ಕೂದಲೆಳೆಯಷ್ಟು ಗೆರೆ. ಬಣ್ಣ ತರಚಿರಬಹುದು ಎಂದುಕೊಂಡು ಸ್ಪ್ಯಾನರಿನ ತುದಿಯಿಂದ ಮೆಲ್ಲಗೆ ತಟ್ಟಿದಳು. ಫೋರ್ಕು ಕಾರ್ಬನ್ ನಾರಿನದು, ಗಟ್ಟಿಯಾಗಿದ್ದರೆ ‘ಟಕ್’ ಎನ್ನುತ್ತದೆ. ಗೆರೆಯಿಂದ ದೂರ ತಟ್ಟಿದಾಗ ಹಾಗೆಯೇ ಎಂದಿತು. ಗೆರೆಯ ಪಕ್ಕದಲ್ಲಿ ತಟ್ಟಿದಾಗ ‘ಡಬ್’ ಎಂದಿತು. ಒಳಗಿನ ಪದರಗಳು ಬಿಟ್ಟುಕೊಂಡಿದ್ದವು.

“ಕೀಂಯ್ ಅನ್ನೋದು ನಿಂತ್ತಾ, ಅಕ್ಕ?” ಕ್ಯಾಪ್ಟನ್ ಕೈಗವಸು ಹಾಕಿಕೊಳ್ಳುತ್ತ ಅಂಗಡಿಯೊಳಗೆ ಬಂದ. ಅವನು ಯಾವ ಹಡಗಿಗೂ ಯಾವ ತಂಡಕ್ಕೂ ಕ್ಯಾಪ್ಟನ್ ಆಗಿರಲಿಲ್ಲ. ಮುಂದೆ ಹೋಗುವುದು ಅಭ್ಯಾಸವಾದ್ದರಿಂದ ಬಂದ ಹೆಸರು ಅದು.

ಹೇಳಬೇಕಾದ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಚಕ್ರವನ್ನು ಮತ್ತೆ ಸಿಕ್ಕಿಸಿ ಬಿಗಿ ಮಾಡಿದಳು.

“ನಿಂತಿತು,” ಎಂದಳು.

ಅದು ಸುಳ್ಳಲ್ಲ. ಸದ್ದು ಬರುತ್ತಿದ್ದದ್ದು ಚಕ್ರದ ಬೇರಿಂಗಿನಿಂದ, ಅದಕ್ಕೆ ಗ್ರೀಸು ಹಾಕಿಯಾಗಿತ್ತು.

ಸರೋವರವನ್ನು ಸುತ್ತಿ, ಗುಡ್ಡ ಹತ್ತಿ ಇಳಿಯುವ ಜಲ್ಲಿ ದಾರಿಯಲ್ಲಿ ಕಳೆದ ಅಕ್ಟೋಬರಿನಲ್ಲಿ ನಡೆದ ಪಂದ್ಯವನ್ನು ಕ್ಯಾಪ್ಟನ್ ಗೆದ್ದಿದ್ದ. ಕೊನೆಯ ಇಳಿಜಾರಿನವರೆಗೂ ಅವನಿಗೆ ಅಂಟಿಕೊಂಡೇ ಬಂದವನು ಅವಳ ತಮ್ಮ. ಬಂಡೆಯ ತಿರುವಿನ ಹತ್ತಿರ ತಮ್ಮನ ಚಕ್ರ ಜಾರಿತು, ಸೊಂಟದ ಮೂಳೆ ಮುರಿಯಿತು. ಉಳಿದ ಸವಾರರು ಬಹಳ ಹಿಂದಿದ್ದರು. ಅವರು ಬರುವ ತನಕ ಅವನು ಕಲ್ಲಿನ ಮೇಲೆ ಬಿದ್ದೇ ಇದ್ದ. ಈಗ ಕೋಲೂರಿಕೊಂಡು ಅಡುಗೆಮನೆಯಿಂದ ಬಾಗಿಲ ತನಕ ಬರುತ್ತಾನೆ. “ಕ್ಯಾಪ್ಟನ್ ತಿರುಗಿ ನೋಡ್ದ, ಅಕ್ಕ. ನೋಡಿಯೂ ನಿಲ್ಲದೆ ಹೋದ,” ಎಂದು ಆಸ್ಪತ್ರೆಯಲ್ಲಿ ಹೇಳಿದ್ದ.

ಕ್ಯಾಪ್ಟನ್ ಎಲ್ಲರೆದುರು ಹೇಳಿದ್ದು ಬೇರೆ. “ನೋಡ್ಲಿಲ್ಲ. ನಾನಾಗ್ಲೇ ತಿರುವು ದಾಟಿ ಆಗಿತ್ತು. ನನ್ನ ಬೆನ್ನಿಗೇನು ಕಣ್ಣಿದ್ಯಾ?”

ಗೆದ್ದವನ ಮಾತಿಗೆ ತೂಕ ಹೆಚ್ಚು. ತಮ್ಮನದು ಸೋತವನ ಹೊಟ್ಟೆಕಿಚ್ಚು ಎಂದು ಊರು ತೀರ್ಮಾನಿಸಿತು. ಕ್ರಮೇಣ ಅವನು ಆ ವಿಷಯ ಎತ್ತುವುದನ್ನೇ ಬಿಟ್ಟ. ಒಮ್ಮೆ, “ನಂಗೇ ಸರಿಯಾಗಿ ಕಾಣ್ಲಿಲ್ವೇನೋ ಬಿಡು,” ಎಂದ. ಮುರಿದ ಮೂಳೆಗಿಂತ ಆ ಮಾತು ಅವಳನ್ನು ಹೆಚ್ಚು ಸುಟ್ಟಿತು.

ಈಗ ಕ್ಯಾಪ್ಟನ್ ಭಾನುವಾರಗಳಂದು ಅದೇ ದಾರಿಯಲ್ಲಿ ಪಟ್ಟಣದವರನ್ನು ಸೈಕಲ್ ಸವಾರಿಗೆ ಕರೆದೊಯ್ಯುತ್ತಾನೆ. ನೀರು, ಪಂಪು, ಬಿಡಿಭಾಗ ಹೊತ್ತ ಗಾಡಿಯನ್ನು ಅವಳು ಹಿಂದೆ ಓಡಿಸುತ್ತಾಳೆ. “ಅವನ ಹಿಂದೆ ಯಾಕೆ ಹೋಗ್ತೀಯೇ?” ಎಂದು ಅಮ್ಮ ಕೇಳಿದಾಗ, “ಹಿಂದೆ ಇದ್ರೇನೇ ಕಾಣೋದಮ್ಮ,” ಎಂದಿದ್ದಳು. ಏನು ಕಾಣಬೇಕೆಂದು ಆಗ ಅವಳಿಗೂ ತಿಳಿದಿರಲಿಲ್ಲ.

ಅಂಗಡಿಯ ಮುಂದೆಯೇ ಡಾಂಬರು ಮುಗಿಯುತ್ತದೆ. ಆ ಬೆಳಿಗ್ಗೆ ಎಲ್ಲರೂ ಹೊರಟರು; ಸ್ವಲ್ಪ ದೂರ ಸರೋವರದ ಅಂಚಿನಲ್ಲೇ ಸಾಗಿದ ದಾರಿ ಆಮೇಲೆ ಗುಡ್ಡಕ್ಕೆ ತಿರುಗಿತು. ಸಡಿಲ ಜಲ್ಲಿಯ ಮೇಲೆ ಸವಾರರ ಹಿಂದಿನ ಚಕ್ರಗಳು ಅಲ್ಲಲ್ಲಿ ಸುಮ್ಮನೆ ತಿರುಗಿದವು. ಹೊಸದಾಗಿ ಸೇರಿದ್ದ ದಂತವೈದ್ಯೆಯೊಬ್ಬಳು ಅರ್ಧದಲ್ಲೇ ಇಳಿದು ಗಾಡಿಯ ಕಿಟಕಿಗೆ ಒರಗಿದಳು.

“ಒಳಗೆ ಒಂಚೂರು ಜಾಗ ಇದ್ಯಾ?”

“ಅದು ಬಿದ್ದವರ ಗಾಡಿ, ಡಾಕ್ಟ್ರೇ,” ಮೇಲಿನಿಂದ ಕ್ಯಾಪ್ಟನ್ ಕೂಗಿದ. “ಸುಸ್ತಾದವರಿಗಲ್ಲ. ಬಿದ್ದು ತೋರ್ಸಿ, ಹತ್ತಿಸ್ಕೋತೀವಿ.”

“ನೀವು ಹಲ್ಲು ಕೀಳಿಸ್ಕೊಳ್ಳೋಕೆ ಬನ್ನಿ. ಸೂಜಿ ಹಾಕೋದು ಮರೆತುಬಿಡ್ತೀನಿ,” ಎಂದು ವೈದ್ಯೆ ಸೈಕಲ್ ತಳ್ಳಿಕೊಂಡು ನಡೆದಳು.

ಹತ್ತುವಾಗ ಫೋರ್ಕಿಗೆ ಭಾರ ಕಡಿಮೆ. ಭಾರವೆಲ್ಲ ಹಿಂದಿನ ಚಕ್ರಕ್ಕೆ ಸರಿಯುತ್ತದೆ. ಇಳಿಯುವಾಗ, ಅದರಲ್ಲೂ ಮುಂದಿನ ಬ್ರೇಕ್ ಹಿಡಿದಾಗ, ಸವಾರನ ಇಡೀ ದೇಹ ಆ ಗೆರೆಯ ಮೇಲೆ ನಿಲ್ಲುತ್ತದೆ. ಇದೆಲ್ಲ ಅವಳಿಗೆ ಗೊತ್ತಿತ್ತು. ನಡುವೆ ಒಂದು ಚಿಕ್ಕ ತಗ್ಗಿನಲ್ಲಿ ಕ್ಯಾಪ್ಟನ್‌ನ ಮುಂದಿನ ಚಕ್ರ ಗುಂಡಿಗೆ ಬಿತ್ತು. ಅವಳು ಕಿವಿಗೊಟ್ಟಳು. ಏನೂ ಮುರಿಯಲಿಲ್ಲ. ಅವನು ಸೀಟಿನಿಂದ ಎದ್ದು ತುಳಿಯುತ್ತ ಮುಂದೆ ಹೋದ. ಅವಳಿಗಾದದ್ದು ನಿರಾಶೆ. ಅದನ್ನು ಬೇರೆ ಹೆಸರಿನಿಂದ ಕರೆಯಲು ಅವಳು ಪ್ರಯತ್ನಿಸಲಿಲ್ಲ.

ಗುಡ್ಡದ ನೆತ್ತಿಯಲ್ಲಿ ಎಲ್ಲರೂ ನಿಂತು ನೀರು ಕುಡಿದರು. ಕೆಳಗೆ ಸರೋವರ ತಗಡಿನಂತೆ ಹೊಳೆಯುತ್ತಿತ್ತು. ಅದರ ಕಡೆಗೆ ದಾರಿ ನೆಟ್ಟಗೆ ಇಳಿದು, ಬಂಡೆಯ ಹತ್ತಿರ ಸರಕ್ಕನೆ ತಿರುಗಿ ಮರೆಯಾಗುತ್ತಿತ್ತು.

“ಇಲ್ಲಿ ಮುಂದೆ ಮಾತ್ರ ನೋಡ್ಬೇಕು,” ಕ್ಯಾಪ್ಟನ್ ಪಾಠ ಮಾಡುತ್ತಿದ್ದ. “ಹಿಂದೆ ನೋಡಿದೋನು ಕೆಟ್ಟ. ನಾನು ಮೊದಲು ಹೋಗ್ತೀನಿ, ನನ್ನ ಗೆರೆ ಹಿಡಿದು ಬನ್ನಿ.”

ಅವನು ಕನ್ನಡಕ ಒರೆಸಿಕೊಂಡ, ಹೆಲ್ಮೆಟ್ಟಿನ ಪಟ್ಟಿ ಬಿಗಿದ. ಮುಂದೆ ಆಗಲಿರುವುದನ್ನು ಅವಳು ಮನಸ್ಸಿನಲ್ಲೇ ಕಂಡಳು. ಅವನು ಬೀಳುತ್ತಾನೆ. ಎಲ್ಲರೂ ಓಡಿಬರುತ್ತಾರೆ. ಆಸ್ಪತ್ರೆಯ ಮಂಚದ ಸುತ್ತ ಹಣ್ಣಿನ ಬುಟ್ಟಿಗಳು ಬರುತ್ತವೆ. ಎಂಥ ಗಟ್ಟಿಗ, ಪಾಪ, ಸೈಕಲ್ಲೇ ಕೈಕೊಟ್ಟಿತು ಎನ್ನುತ್ತಾರೆ. ತಮ್ಮನಿಗೆ ಯಾರೂ ಕೊಡದ ಆ ‘ಪಾಪ’ ಇವನ ಪಾಲಾಗುತ್ತದೆ. ಯಾಕೆ ಬಿದ್ದೆನೆಂದು ಇವನಿಗೆ ಕೊನೆಗೂ ತಿಳಿಯುವುದಿಲ್ಲ.

ಅಷ್ಟು ಅಗ್ಗಕ್ಕೆ ಬಿಡಲು ಅವಳಿಗೆ ಮನಸ್ಸಾಗಲಿಲ್ಲ.

“ಒಂದ್ನಿಮಿಷ,” ಎಂದು ಸ್ಪ್ಯಾನರ್ ಹಿಡಿದು ಗಾಡಿಯಿಂದ ಇಳಿದಳು. ಅವನ ಫೋರ್ಕಿನ ಕೆಳಗೆ ತಟ್ಟಿದಳು. ಟಕ್. ಮೇಲೆ ತಟ್ಟಿದಳು. ಡಬ್.

“ಇದು ಹುಳುಕು ಹಲ್ಲಿನ ಸದ್ದು,” ಎಂದು ದಂತವೈದ್ಯೆ ಹತ್ತಿರ ಬಂದಳು.

ಕ್ಯಾಪ್ಟನ್ ಬಗ್ಗಿ ಉಗುರಿನಿಂದ ಗೆರೆಯನ್ನು ಮುಟ್ಟಿದ. ನೇರವಾಗಿ ಅವಳ ಕಡೆ ತಿರುಗಿದ.

“ಬೆಳಿಗ್ಗೆ ನೀನೇ ಒರೆಸಿದ್ದಲ್ವಾ?”

“ಹೌದು.”

“ಮತ್ತೆ ಹೇಳ್ಬಾರ್ದಿತ್ತಾ?”

“ನೋಡ್ಲಿಲ್ಲ,” ಎಂದಳು. “ನನ್ನ ಬೆರಳಿಗೇನು ಕಣ್ಣಿದ್ಯಾ?”

ಉಳಿದವರಿಗೆ ಅದು ಬರೀ ಒರಟು ಉತ್ತರದಂತೆ ಕೇಳಿರಬೇಕು. ಕ್ಯಾಪ್ಟನ್ ಇಳಿಜಾರನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಇಳಿಜಾರನ್ನು ನೋಡಿದ. “ನೀವೆಲ್ಲ ನಿಧಾನವಾಗಿ ಇಳೀತಿರಿ,” ಎಂದು ಸವಾರರನ್ನು ಕಳಿಸಿದ. “ನಾನು ಗಾಡೀಲಿ ಬರ್ತೀನಿ.”

“ಅದು ಬಿದ್ದವರ ಗಾಡಿ.”

ಅವನು ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ನಡೆದ. ಬೂಟಿನ ಅಡಿಯಲ್ಲಿ ಪೆಡಲಿಗೆ ಸಿಕ್ಕಿಸುವ ಲೋಹ ಜಲ್ಲಿಗೆ ತಾಗಿ ಕರಕರ ಎನ್ನುತ್ತಿತ್ತು. ಎರಡು ಸಲ ಜಾರಿ ಕೈಯೂರಿದ. ಅವಳು ಗಾಡಿಯನ್ನು ಮೊದಲ ಗೇರಿನಲ್ಲಿ, ಅವನ ನೆರಳಿಗೆ ತಾಗುವಷ್ಟು ಹತ್ತಿರ ಓಡಿಸಿದಳು. ಬಂಡೆಗೆ ಸ್ವಲ್ಪ ಮೊದಲು ಬ್ರೇಕ್ ಹಾಕಿ, ಉಪಕರಣದ ಪೆಟ್ಟಿಗೆಯಿಂದ ಅಳತೆಯ ಟೇಪು ತೆಗೆದುಕೊಂಡು ಇಳಿದಳು. ತಮ್ಮ ಬಿದ್ದ ಜಾಗ ಅವಳಿಗೆ ಗೊತ್ತಿತ್ತು. ಅಲ್ಲಿ ನಿಂತು ಟೇಪಿನ ತುದಿಯನ್ನು ಅವನ ಕಡೆಗೆ ಚಾಚಿದಳು.

“ಅವನು ಬಿದ್ದಾಗ ನೀನು ಎಲ್ಲಿದ್ದೆ, ಅಲ್ಲಿ ಹೋಗಿ ನಿಲ್ಲು.”

“ಇದೆಲ್ಲ ಯಾಕೀಗ? ಅಳೆದ್ರೆ ಅವನ ಸೊಂಟ ಸರಿಹೋಗುತ್ತಾ?”

“ಇಲ್ಲ.”

“ಪೊಲೀಸ್ರಿಗೆ ಹೇಳ್ತೀಯಾ?”

“ಮನೇಲಿ ಅವನಿಗೆ ಹೇಳ್ತೀನಿ.”

“ನಿಲ್ಲಲ್ಲ ಅಂದ್ರೆ?”

“ನಿನ್ನಿಷ್ಟ. ಇನ್ನೂ ಅರ್ಧ ಇಳಿಜಾರಿದೆ. ಸೈಕಲ್ ಹತ್ತು, ಹೋಗು.”

ಅವನು ಸೈಕಲ್ಲನ್ನು ಕೆಳಗಿಟ್ಟು ಟೇಪಿನ ತುದಿಯನ್ನು ತೆಗೆದುಕೊಂಡ. ಇಳಿದು ಇಳಿದು ಬಂಡೆಯ ಆಚೆ ಮರೆಯಾದ. ಅವಳ ಕೈಯಲ್ಲಿ ಟೇಪು ಸರಸರನೆ ಬಿಚ್ಚಿಕೊಂಡಿತು.

“ಇಲ್ಲಿ,” ಎಂಬ ದನಿ ಆಚೆಯಿಂದ ಬಂತು.

ಅವಳು ಟೇಪನ್ನು ಓದಲಿಲ್ಲ. ಬಂಡೆಗೆ ಉಜ್ಜುತ್ತಿದ್ದ ಹಳದಿ ಪಟ್ಟಿ ಗಾಳಿಗೆ ಅದುರುತ್ತಿತ್ತು.

“ಇಲ್ಲೇ ಇದ್ದೆ ಅಕ್ಕ,” ಎಂದ. ಈ ಸಲ ದನಿ ಸಣ್ಣದಾಗಿತ್ತು.

ಅವಳು ಕಾದಳು. ಕೆಳಗೆ ದಡದಲ್ಲಿ ಸವಾರರು ಬೂಟು ಬಿಚ್ಚಿ ಕಾಲು ನೀರಿಗಿಟ್ಟಿದ್ದರು. ಯಾರದೋ ನಗು ತೇಲಿಬಂತು. ಆಮೇಲೆ ಟೇಪು ಸಡಿಲವಾಯಿತು. ಬಂಡೆಯ ಅಂಚಿನಲ್ಲಿ ಅವನ ಹೆಲ್ಮೆಟ್ ಕಂಡಿತು, ಭುಜ ಕಂಡಿತು. ತಲೆ ತಗ್ಗಿಸಿ ಅವನು ಮೇಲಕ್ಕೆ ನಡೆದು ಬರುತ್ತಿದ್ದ. ಒಮ್ಮೆ ನಿಂತ. ನೆಲ ನೋಡಿದ. ಮತ್ತೆ ಬಂದ. ಅವಳು ಟೇಪನ್ನು ಒಳಗೆ ಎಳೆದುಕೊಳ್ಳುತ್ತಲೇ ಇದ್ದಳು. ಕೊನೆಗೆ ಬಂಡೆಯ ಈಚೆ, ತಮ್ಮ ಬಿದ್ದ ಜಾಗ ನೇರವಾಗಿ ಕಾಣುವಲ್ಲಿ, ಅವನು ಕುಕ್ಕರುಗಾಲಿನಲ್ಲಿ ಕೂತು, ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ಜಲ್ಲಿಗೆ ಒತ್ತಿ ಹಿಡಿದ.

ಅವಳು ಟೇಪನ್ನು ಬಿಗಿಯಾಗಿ ಎಳೆದು, ಬಗ್ಗಿ ಓದಿದಳು. ಆರು ಮೀಟರ್, ನಲವತ್ತು ಸೆಂಟಿಮೀಟರ್.